ದೊರೆಯ ವಿಸ್ಕಿ, ಗುಡಿಗಾರನ ಮೂಗು

ಗುಡಿಗಾರನನ್ನು ದೊರೆಯ ಬಂಗಲೆಗೆ ಕರೆದುಕೊಂಡು ಹೋದವನು ನಾನೇ. ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಮನೆಗಳು ಹತ್ತಾರಿದ್ದವು. ಬೇರೆ ಯಾರನ್ನಾದರೂ ಕರೆದೊಯ್ದಿದ್ದರೆ ನನಗೆ ಹೇಳಲು ಏನೂ ಇರುತ್ತಿರಲಿಲ್ಲ.

ಆಗ ನಾನು ಅಮಲ್ದಾರರ ಕಚೇರಿಯಲ್ಲಿ ಎರಡನೇ ಗುಮಾಸ್ತ. ಕೋಣಂದೂರಿನ ಹತ್ತಿರದ ಹಳ್ಳಿಯವನು, ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದಿದವನು. ಬಿ.ಎ. ಮಾಡಬೇಕೆಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ, ಓದಿದ್ದು ಸಾಕು ಅಂದ. ಮೈಸೂರಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವನು ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ದೊಡ್ಡ ಕೆಲಸ ಹಿಡಿದ. ಅವನ ಕಾಗದ ಬಂದಾಗಲೆಲ್ಲ ಎರಡು ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲೇ ಇತ್ತು. ಕಚೇರಿಯಲ್ಲಿ ಪಕ್ಕದವನು ಹೊಸ ಛತ್ರಿ ತಂದರೆ ನನ್ನ ಛತ್ರಿ ಬಿಚ್ಚಲು ಮನಸ್ಸಾಗುತ್ತಿರಲಿಲ್ಲ.

ಶಿವಮೊಗ್ಗದಿಂದ ನಮ್ಮ ಕಡೆಗೆ ರೈಲು ದಾರಿ ಹಾಕುತ್ತಿದ್ದ ಕಾಲ ಅದು. ಸೇತುವೆಗಳ ಕೆಲಸ ನೋಡಲು ಒಬ್ಬ ಮುದುಕ ಇಂಜಿನಿಯರ್ ಬಂದು ಸಾಗರದ ಮುಸಾಫಿರ್ ಬಂಗಲೆಯಲ್ಲಿ ಇಳಿದುಕೊಂಡರು. ಊರಿನವರಿಗೆ ಬಿಳಿಯರೆಲ್ಲ ದೊರೆಗಳೇ, ಹಾಗಾಗಿ ಅವರೂ ದೊರೆ. ಅವರು ಮಾತ್ರ ತಾವು ಇಂಗ್ಲೆಂಡಿನವರಲ್ಲ, ಸ್ಕಾಟ್ಲೆಂಡಿನವರು ಎಂದು ಮೊದಲ ದಿನವೇ ನನಗೆ ತಿದ್ದಿ ಹೇಳಿದರು. ಹೆಂಡತಿ ತೀರಿಕೊಂಡಿದ್ದರು. ಮಗಳೊಬ್ಬಳು ಸ್ಕಾಟ್ಲೆಂಡಿನಲ್ಲೇ ಇದ್ದಳು. ಮೂವತ್ತು ವರ್ಷ ಬೊಂಬಾಯಿಯಲ್ಲೇ ಕಳೆದಿದ್ದ ಅವರಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಮೇಸ್ತ್ರಿಗಳ ಜೊತೆ ಮಾತಾಡಿಸಲು, ಕಾಗದಪತ್ರ ಓದಲು ಒಬ್ಬ ಬೇಕೆಂದು ಅಮಲ್ದಾರರನ್ನು ಕೇಳಿದರು. ಅಮಲ್ದಾರರು ನನ್ನನ್ನು ಕಳಿಸಿದರು.

ದಿನಾ ಕಚೇರಿ ಬಿಟ್ಟ ಮೇಲೆ ಬಂಗಲೆಗೆ ಹೋಗುತ್ತಿದ್ದೆ. ಕೆಲಸ ಅರ್ಧ ಗಂಟೆಯದು. ಆಮೇಲೆ ದೊರೆ ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಡಿಸುತ್ತಿದ್ದರು. ನನ್ನ ಊರು, ಬೆಳೆ, ಮದುವೆ ಎಲ್ಲ ಕೇಳುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿದವರು ಬೇರೆ ಇರಲಿಲ್ಲ. ಪೇಟೆಯಲ್ಲಿ ಜನ ನನ್ನನ್ನು ಕಂಡರೆ ದಾರಿ ಬಿಡತೊಡಗಿದರು. ಅಂಗಡಿಯವನು, “ದೊರೆ ಎಂತ ಹೇಳ್ತಾರೆ ಗೌಡ್ರೇ?” ಎಂದು ಕೇಳುವನು. ನಾನು ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರ ಕೊಡುತ್ತಿದ್ದೆ.

ಒಂದು ದಿನ ದೊರೆ, ಮಗಳಿಗೆ ಗಂಧದ ಪೆಟ್ಟಿಗೆಯೊಂದನ್ನು ಮಾಡಿಸಿ ಕಳಿಸಬೇಕು, ಒಳ್ಳೆಯ ಕೆಲಸಗಾರನನ್ನು ತೋರಿಸು ಅಂದರು. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಒಬ್ಬ ಗುಡಿಗಾರ ಇದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಸಣಕಲು ಮೈ, ಸ್ವಲ್ಪ ಬಾಗಿದ ಬೆನ್ನು. ಅವನ ಕೈಕೆಲಸಕ್ಕಿಂತ ಮೂಗಿನ ವಿಷಯ ಊರಿನಲ್ಲಿ ಹೆಚ್ಚು ಮಾತಾಗುತ್ತಿತ್ತು. ಸರ್ಕಾರದ ಗಂಧದ ಕೋಠಿಯಲ್ಲಿ ಮರ ಆರಿಸುವಾಗ ಅವನು ಕಣ್ಣಿಗಿಂತ ಮೊದಲು ಮೂಗು ಮುಂದೆ ಮಾಡುತ್ತಾನೆ, ಒಂದು ಚೂರು ಹೆರೆದು ಮೂಸಿ ಇದು ಕಲ್ಲುಗುಡ್ಡದ ಮರ, ಇದು ನೀರಿನ ಬದಿಯದು ಎಂದು ಹೇಳುತ್ತಾನೆ, ಕೋಠಿಯ ಸಾಹೇಬರೂ ತಲೆಯಾಡಿಸುತ್ತಾರೆ ಅಂತ ಜನ ಹೇಳುತ್ತಿದ್ದರು. ನಾನು ಅದನ್ನೆಲ್ಲ ನಂಬಿರಲಿಲ್ಲ. ಹತ್ತಿರದಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಕರೆದೆ.

ಅವನು ಇಕ್ಕೇರಿಗೆ ಹೋಗಿ ಒಂದು ದಿನವಿಡೀ ದೇವಸ್ಥಾನದ ಗೋಡೆಯ ಎದುರು ಕೂತು, ಬಳ್ಳಿ, ಹಂಸಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಬಂದ. ಆ ಚಿತ್ರಗಳನ್ನು ದೊರೆಗೆ ತೋರಿಸಿದಾಗ ದೊರೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನಾನು ನಡುವೆ ನಿಂತು ಅವನ ಮಾತನ್ನು ಇಂಗ್ಲಿಷಿಗೂ ದೊರೆಯ ಮಾತನ್ನು ಕನ್ನಡಕ್ಕೂ ಮಾಡಿ ಹೇಳಿದೆ. ಅಲ್ಲಿಯವರೆಗೆ ನನಗೆ ಏನೂ ಅನ್ನಿಸಿರಲಿಲ್ಲ. ಅವನು ಕೂಲಿಗೆ ಬಂದವನು, ನಾನು ಕುರ್ಚಿಯಲ್ಲಿ ಕೂರುವವನು.

ಪೆಟ್ಟಿಗೆಯ ಕೆಲಸ ನಡೆಯುತ್ತಿದ್ದಾಗ ದೊರೆ ನನಗೆ ಒಂದು ವಿಷಯ ಹೇಳಿದರು. ಅವರ ಅಣ್ಣ ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಇಳಿಸುವ ಭಟ್ಟಿಯೊಂದರಲ್ಲಿ ಮುಖ್ಯಸ್ಥರಾಗಿದ್ದರಂತೆ. ತಮ್ಮ ನೌಕರಿ ಮುಗಿದಾಗ ತಾವೇ ಆರಿಸಿದ ಒಂದು ಪೀಪಾಯಿಯಿಂದ ಮೂರು ಬಾಟಲಿ ತುಂಬಿ ತಮ್ಮನಿಗೆ ಕಳಿಸಿದ್ದಾರಂತೆ. ಹಡಗಿನಲ್ಲಿ ಬರುತ್ತಿದೆ. “ಅಂಗಡಿಯಲ್ಲಿ ಸಿಗುವುದು ಹತ್ತು ಕಡೆಯದನ್ನು ಬೆರೆಸಿ, ನೀರು ಹಾಕಿ ತೆಳ್ಳಗೆ ಮಾಡಿದ್ದು. ಇದು ಒಂದೇ ಭಟ್ಟಿಯದು, ಮೊಳಕೆ ಬರಿಸಿದ ಬಾರ್ಲಿ ಬಿಟ್ಟು ಬೇರೆ ಧಾನ್ಯ ಇಲ್ಲ, ಒಂದು ಹನಿ ನೀರೂ ಬೆರೆಸಿಲ್ಲ. ಬಂದಾಗ ನಿನಗೂ ರುಚಿ ತೋರಿಸುತ್ತೇನೆ,” ಅಂದರು.

ನಾನು ಕುಡುಕನಲ್ಲ. ಚಿಕ್ಕವನಿದ್ದಾಗ ಮನೆಯ ಆಳುಗಳ ಜೊತೆ ಬಗನಿ ಮರದ ಕಳ್ಳು ಒಂದೆರಡು ಸಲ ಕುಡಿದದ್ದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಆದರೂ ಆ ಬಾಟಲಿಗಾಗಿ ನಾನು ಕಾದ ಹಾಗೆ ದೊರೆಯೂ ಕಾದಿರಲಿಕ್ಕಿಲ್ಲ. ನನಗೆ ಬೇಕಾಗಿದ್ದು ಮದ್ಯವಲ್ಲ. ಸಮುದ್ರ ದಾಟಿ ಬಂದದ್ದನ್ನು ದೊರೆ ತಮ್ಮ ಕೈಯಾರೆ ನನಗೊಬ್ಬನಿಗೇ ಕೊಡುತ್ತಾರೆ ಎಂಬ ಭಾವನೆ. ಬೆಂಗಳೂರಿನ ಗೆಳೆಯನಿಗೆ ಬರೆಯಬೇಕಾದ ಕಾಗದವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ.

ಬಾಟಲಿಗಳು ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಶಿವಮೊಗ್ಗದಿಂದ ಬಸ್ಸಿನ ಮೇಲೆ ಬಂದವು. ಭಾನುವಾರ ನಾಲ್ಕು ಗಂಟೆಗೆ ಬಾ ಎಂದು ದೊರೆ ಹೇಳಿದರು. ಹೊರಡುವಾಗ, “ಆ ಗುಡಿಗಾರನನ್ನೂ ಕರೆದುಕೊಂಡು ಬಾ. ಪೆಟ್ಟಿಗೆ ಮುಗಿದಿದೆಯಲ್ಲ, ಅದನ್ನು ತರಲಿ. ಅವನಿಗೂ ಒಂದು ಲೋಟ ಕೊಡೋಣ,” ಅಂದರು.

ಮನೆಗೆ ಬರುವ ದಾರಿಯಲ್ಲಿ ಗುಡಿಗಾರನಿಗೆ ಹೇಳದೆಯೇ ಇರೋಣ, ಅವನು ಊರಿನಲ್ಲಿಲ್ಲ ಎಂದರಾಯಿತು ಅಂತಲೂ ಯೋಚಿಸಿದೆ. ಆದರೆ ಪೆಟ್ಟಿಗೆ ಬೇಕಲ್ಲ. ಹೇಳಿದೆ.

“ನಾನು ಕುಡಿಯೋನಲ್ಲ ಗೌಡ್ರೇ,” ಅಂದ ಅವನು.

“ಹಾಗಾದರೆ ಪೆಟ್ಟಿಗೆ ಕೊಟ್ಟು ಬಂದುಬಿಡು,” ಅಂದೆ. ನನಗೆ ಹಾಯೆನಿಸಿತು.

ಭಾನುವಾರ ಒಳ್ಳೆಯ ಬಿಸಿಲು. ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ಬಟ್ಲರ್ ಮೂರು ಸಣ್ಣ ಲೋಟ ತಂದಿಟ್ಟ. ಬುಡ ದಪ್ಪ, ಬಾಯಿ ಕಿರಿದು. ದೊರೆ ಮೊದಲು ಪೆಟ್ಟಿಗೆಯನ್ನು ತೆಗೆದುಕೊಂಡು ಮುಚ್ಚಳದ ಮೇಲಿನ ಬಳ್ಳಿಯ ಮೇಲೆ ಬೆರಳಾಡಿಸಿದರು. ಅದನ್ನು ಒಳಗೆ ಇಟ್ಟು ಬಂದು, ಗುಡಿಗಾರನಿಗೆ ಕುರ್ಚಿ ತೋರಿಸಿದರು. ಅವನು ಒಲ್ಲೆ ಅಂದ. ದೊರೆ ಮತ್ತೆ ತೋರಿಸಿದರು. ನನ್ನ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತ.

ಬಾಟಲಿಯೊಳಗಿನದು ನಾನು ಅಂದುಕೊಂಡ ಹಾಗೆ ಹೊಂಬಣ್ಣದ್ದಾಗಿರಲಿಲ್ಲ. ಜೋನಿಬೆಲ್ಲದ ಕಡುಗಂದು ಬಣ್ಣ. ಲೋಟದಲ್ಲಿ ಎರಡು ಬೆರಳು ಸುರಿದು ಅಲ್ಲಾಡಿಸಿದಾಗ ಗಾಜಿನ ಒಳಮೈಗೆ ಎಣ್ಣೆಯಂತೆ ಅಂಟಿಕೊಂಡು ನಿಧಾನ ಇಳಿಯಿತು. “ಗಟಗಟ ಕುಡಿಯಬೇಡ, ಮೊದಲು ಮೂಸು,” ಅಂದರು ದೊರೆ. ನಾನು ಲೋಟದೊಳಗೆ ಮೂಗು ತೂರಿಸಿ ಜೋರಾಗಿ ಉಸಿರೆಳೆದೆ. ಮೂಗಿನೊಳಗೆ ಸೂಜಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ಗುಟುಕರಿಸಿದೆ. ನಾಲಿಗೆಯಿಂದ ಎದೆಯವರೆಗೆ ಒಂದೇ ಉರಿ. ಕೆಮ್ಮು ತಡೆಯಲಾಗಲಿಲ್ಲ. ದೊರೆ ನಕ್ಕು, “ಏನು ಸಿಕ್ಕಿತು?” ಎಂದು ಕೇಳಿದರು.

“ಬಹಳ ಚೆನ್ನಾಗಿದೆ ಸಾರ್,” ಅಂದೆ.

“ಅದು ಸರಿ. ಆದರೆ ಏನು ಸಿಕ್ಕಿತು?”

ನನಗೆ ಉರಿ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಮತ್ತೆ ಚೆನ್ನಾಗಿದೆ ಅಂದೆ. ಅವರ ಮುಖದಲ್ಲಿ ಒಂದು ಬಗೆಯ ನಿರಾಸೆ ಕಂಡಿತು. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗೆ ತಪ್ಪಿದ ಹುಡುಗನನ್ನು ಮೇಷ್ಟ್ರು ನೋಡಿದ ಹಾಗೆ.

ಅಷ್ಟರಲ್ಲಿ ಗುಡಿಗಾರ ತನ್ನ ಲೋಟ ಎತ್ತಿಕೊಂಡಿದ್ದ. ಕುಡಿಯಲಿಲ್ಲ. ಲೋಟವನ್ನು ಗಲ್ಲದ ಕೆಳಗೆ ಹಿಡಿದು, ಬಾಯಿ ಸ್ವಲ್ಪ ತೆರೆದು, ಕಣ್ಣು ಮುಚ್ಚಿ ಕೂತ. ದೂರದಿಂದ ಬರುವುದನ್ನು ಬರಲು ಬಿಟ್ಟವನ ಹಾಗೆ. ಆಮೇಲೆ ಲೋಟ ಒಂದಿಷ್ಟು ಮೇಲೆ ತಂದ. ಮತ್ತೊಂದಿಷ್ಟು. ದೊರೆ ತಮ್ಮ ಲೋಟ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದರು.

“ಒಣದ್ರಾಕ್ಷಿ,” ಅಂದ ಅವನು ಕಣ್ಣು ತೆರೆಯದೆ. “ತುಪ್ಪದಲ್ಲಿ ಹುರಿದಿದ್ದು. ಆಮೇಲೆ ಕಿತ್ತಳೆ ಸಿಪ್ಪೆ, ಹಸಿದಲ್ಲ, ಒಣಗಿಸಿಟ್ಟಿದ್ದು. ಅದರ ಹಿಂದೆ ಮರ ಇದೆ ಗೌಡ್ರೇ. ನಮ್ಮ ಕಾಡಿನ ಮರ ಅಲ್ಲ. ಒಳಮೈ ಸುಟ್ಟಿದ್ದಾರೆ ಕಾಣುತ್ತೆ.” ಲೋಟ ಇನ್ನಷ್ಟು ಹತ್ತಿರ ತಂದು, “ಈ ಪೀಪಾಯಿಯಲ್ಲಿ ಇದಕ್ಕೂ ಮೊದಲು ಬೇರೆ ಎಂತದೋ ಇತ್ತು. ಹಣ್ಣಿಂದು. ಸಿಹಿ, ಸ್ವಲ್ಪ ಹುಳಿ ಹತ್ತಿದ್ದು. ಅದನ್ನು ಮರ ಕುಡಿದುಬಿಟ್ಟಿದೆ. ಈಗ ಮರ ಇದಕ್ಕೆ ಬಿಟ್ಟುಕೊಡ್ತಾ ಇದೆ,” ಅಂದ.

ದೊರೆ ನನ್ನ ಕಡೆ ತಿರುಗಿ, “ಏನು ಹೇಳುತ್ತಾನೆ?” ಎಂದರು.

ಆ ಗಳಿಗೆಯನ್ನು ನಾನು ಮರೆತಿಲ್ಲ. ಅವನು ಮಾತಾಡುತ್ತಿದ್ದಾಗ ನಾನೂ ನನ್ನ ಲೋಟವನ್ನು ಅವನ ಹಾಗೆಯೇ ಗಲ್ಲದ ಕೆಳಗೆ ಹಿಡಿದಿದ್ದೆ. ಅವನು ದ್ರಾಕ್ಷಿ ಅಂದಾಗ ನನಗೂ ದ್ರಾಕ್ಷಿ ಸಿಕ್ಕಿತು. ಕಿತ್ತಳೆ ಅಂದಾಗ ಕಿತ್ತಳೆ. ಅವನು ಹೇಳುವ ಮೊದಲು ಬರೀ ಉರಿಯಿದ್ದ ಕಡೆ ಈಗ ಒಂದೊಂದೇ ಎದ್ದು ಬರುತ್ತಿತ್ತು. ಅದು ನನ್ನದೇ ಮೂಗಿನಲ್ಲಿ ನಡೆದದ್ದು ತಾನೇ ಎಂದು ಅರ್ಧ ಕ್ಷಣ ನನಗೆ ನಾನೇ ಹೇಳಿಕೊಂಡೆ.

“ಬಹಳ ಖಾರವಾಗಿದೆ, ಆದರೆ ಒಳ್ಳೆಯದು ಅನ್ನುತ್ತಾನೆ ಸಾರ್,” ಅಂದೆ. ಆಮೇಲೆ, “ನನಗೆ ಈಗ ಸಿಗುತ್ತಿದೆ. ಹುರಿದ ಒಣದ್ರಾಕ್ಷಿ, ಒಣ ಕಿತ್ತಳೆ ಸಿಪ್ಪೆ. ಒಳಗೆ ಸುಟ್ಟ ಮರ. ಈ ಪೀಪಾಯಿಯಲ್ಲಿ ಮೊದಲು ಹಣ್ಣಿನ ಮದ್ಯ ಇತ್ತೇ ಸಾರ್?”

ದೊರೆ ಎದ್ದು ನಿಂತರು. “ಶೆರಿ,” ಅಂದರು. “ಸ್ಪೇನಿನ ದ್ರಾಕ್ಷಿಯ ಮದ್ಯ. ಅದು ತುಂಬಿಟ್ಟಿದ್ದ ಪೀಪಾಯಿಯಲ್ಲೇ ನಮ್ಮ ಅಣ್ಣ ಇದನ್ನು ಇಟ್ಟದ್ದು. ನಾನು ನಿನಗೆ ಹೇಳಿರಲಿಲ್ಲ.” ನನ್ನ ಕೈ ಹಿಡಿದು ಕುಲುಕಿದರು. ಅವರ ಕೈ ಒರಟಾಗಿ ಬೆಚ್ಚಗಿತ್ತು. ಗುಡಿಗಾರ ಲೋಟ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದ.

ದೊರೆ ಒಂದು ಚಮಚದಿಂದ ಮೂವರ ಲೋಟಕ್ಕೂ ನಾಲ್ಕು ಹನಿ ನೀರು ಹಾಕಿ, ಈಗ ಮೂಸು ಅಂದರು. ಗುಡಿಗಾರ ಈ ಸಲ ತುಟಿಗೂ ಮುಟ್ಟಿಸಿಕೊಂಡ. “ಈಗ ಬಿಚ್ಚಿಕೊಂಡ್ತು. ಹುಣಸೆಹಣ್ಣಿಗೆ ಬೆಲ್ಲ ಹಾಕಿ ಕುದಿಸಿದ ಗೊಜ್ಜಿನ ಹಾಗಿದೆ. ಲವಂಗ ಇದೆ. ಕಡೆಗೆ ಹೊಸ ಚರ್ಮದ ಚಪ್ಪಲಿ,” ಅಂದ. ನಾನು ಅದನ್ನೂ ನನ್ನದಾಗಿ ಮಾಡಿ ಹೇಳಿದೆ. ಗೊಜ್ಜನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಅದೊಂದನ್ನು ಬಿಟ್ಟೆ.

ವಾಪಸು ಬರುವಾಗ ಗುಡಿಗಾರ, “ದೊರೆಗೆ ಖುಷಿ ಆಯ್ತು ಅಲ್ವಾ?” ಎಂದು ಕೇಳಿದ. ಹೌದು ಅಂದೆ.

ಕೈ ಕುಲುಕಿಸಿಕೊಂಡವನು ನಾನು, ಹೊಗಳಿಸಿಕೊಂಡವನು ನಾನು. ಹಾಗಿದ್ದರೆ ಹೊಟ್ಟೆಯುರಿ ತಣ್ಣಗಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು. ಏನೂ ಓದದೆ, ಊರು ಬಿಟ್ಟು ಎಲ್ಲೂ ಹೋಗದೆ ಇದ್ದವನಿಗೆ ಆ ಮೂಗು ಯಾಕೆ ಸಿಕ್ಕಿತು, ನನಗೆ ಯಾಕಿಲ್ಲ ಎಂಬುದೇ ತಲೆಯಲ್ಲಿ. ಅವನ ಮನೆಯ ಮುಂದೆ ಹಾದುಹೋಗುವಾಗ ಉಳಿಯ ಸದ್ದು ಕೇಳಿದರೂ ಸಿಟ್ಟು ಬರುತ್ತಿತ್ತು.

ಮೂಗನ್ನು ಪಳಗಿಸಬಹುದು ಎಂದುಕೊಂಡೆ. ಬೆಳಿಗ್ಗೆ ಎದ್ದು ಅಡುಗೆಮನೆಯ ಸಾಂಬಾರ ಡಬ್ಬಿಗಳನ್ನು ಒಂದೊಂದಾಗಿ ತೆಗೆದು, ಕಣ್ಣು ಮುಚ್ಚಿ, ಗಲ್ಲದ ಕೆಳಗೆ ಹಿಡಿದು ಮೂಸತೊಡಗಿದೆ. ಮೂರನೇ ದಿನ ಹೆಂಡತಿ ನೋಡಿದಳು.

“ಎಂತ ಮೂಸ್ತಾ ಇದ್ದೀರಿ? ಹುಳ ಬಿದ್ದಿದ್ಯಾ?”

“ಇಲ್ಲ. ಸುಮ್ಮನೆ. ಇದು ಜೀರಿಗೆ ತಾನೇ?”

“ಅದು ಸೋಂಪು,” ಅಂದಳು. ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು, “ಗುಡಿಗಾರರಿಗೆ ಕೊಟ್ಟರೆ ಯಾವ ಅಂಗಡಿಯದು ಅಂತಲೂ ಹೇಳ್ತಿದ್ದರು,” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ತಮಾಷೆಗೆ ಹೇಳಿದ್ದು. ನಾನು ಅವಳ ಜೊತೆ ಎರಡು ದಿನ ಮಾತು ಬಿಟ್ಟೆ.

ಹದಿನೈದು ದಿನ ಕಳೆದ ಮೇಲೆ ಬೊಂಬಾಯಿಯಿಂದ ದೊರೆಯ ಸ್ನೇಹಿತರೊಬ್ಬರು ಜೋಗ ನೋಡಲು ಬಂದರು. ಅವರದು ಸೋಪು, ಸುಗಂಧದ ಎಣ್ಣೆಗಳ ವ್ಯಾಪಾರ. ದೊರೆ ಅವರಿಗೆ ನನ್ನನ್ನು ತೋರಿಸಿ, “ನಾನು ಹೇಳಿದ ಮೂಗು ಇದೇ,” ಅಂದರು. ಮೇಜಿನ ಮೇಲೆ ಮೂರು ಲೋಟ ಇದ್ದವು, ಮೂರಕ್ಕೂ ತಟ್ಟೆ ಮುಚ್ಚಿತ್ತು. ಒಂದರಲ್ಲಿ ಅಣ್ಣ ಕಳಿಸಿದ್ದು, ಉಳಿದೆರಡರಲ್ಲಿ ಬೊಂಬಾಯಿಯ ಅಂಗಡಿಯವು. ಬಣ್ಣದಿಂದ ಗುರುತು ಸಿಗಬಾರದೆಂದು ಲೋಟಗಳಿಗೆ ಬಟ್ಟೆ ಸುತ್ತಿದ್ದರು. ಯಾವುದು ಯಾವುದೆಂದು ಹೇಳಬೇಕು.

ಗುಡಿಗಾರನನ್ನು ಕರೆದುಕೊಂಡು ಬಾ ಎಂದು ಯಾರೂ ಹೇಳಿರಲಿಲ್ಲ. ನಾನು ಒಬ್ಬನೇ. ಮೊದಲನೆಯದನ್ನು ಮೂಸಿದೆ. ಎರಡನೆಯದನ್ನು ಮೂಸುವಾಗ ಮೊದಲನೆಯದು ಮರೆತಿತ್ತು. ಮೂರನೆಯದಕ್ಕೆ ಬರುವಾಗ ಮೂಗು ಸತ್ತೇ ಹೋಗಿತ್ತು. ಮತ್ತೆ ಮೊದಲಿನಿಂದ ಮೂಸಿದೆ. ಇಬ್ಬರೂ ಕಾಯುತ್ತಿದ್ದರು. ಕಡೆಗೆ ಎರಡನೆಯ ಲೋಟ ತೋರಿಸಿ, “ಇದು ಸಾರ್. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಲವಂಗ,” ಅಂದೆ.

ಬೊಂಬಾಯಿಯವರು ಬೇರೆ ಕಡೆ ನೋಡಿದರು. ದೊರೆ ಲೋಟದ ಬಟ್ಟೆ ಬಿಚ್ಚಿದರು. ಒಳಗಿನದು ತೆಳು ಹಳದಿ ಬಣ್ಣದ್ದು. ಅವರು ಅದನ್ನು ಕೆಳಗಿಟ್ಟು ಬಹಳ ಮೆತ್ತಗೆ ಕೇಳಿದರು: “ಆವತ್ತು ಅವನು ಏನು ಹೇಳಿದ?”

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. “ಎಲ್ಲ ಅವನೇ ಹೇಳಿದ್ದು ಸಾರ್,” ಅಂದೆ.

ಬೈದಿದ್ದರೆ ಚೆನ್ನಾಗಿತ್ತು. ದೊರೆ ತಲೆಯಾಡಿಸಿ, ಚಹಾ ತರಿಸಿ, ಮಾರನೆಯ ದಿನದ ಕಾಗದಗಳ ಬಗ್ಗೆ ಮಾತಾಡಿದರು. ನಾನು ಚಹಾ ಕುಡಿದು ಮನೆಗೆ ಬಂದೆ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ನನಗೆ ಬಂಗಲೆಯ ಕಡೆ ಹೋಗುವ ಕೆಲಸ ಇರಲಿಲ್ಲ. ಆದರೂ ಹೋದೆ. ಬೇಲಿಯ ಈಚೆಯಿಂದ ಜಗಲಿ ಕಾಣುತ್ತಿತ್ತು. ನನ್ನ ಬೆತ್ತದ ಕುರ್ಚಿಯಲ್ಲಿ ಗುಡಿಗಾರ ಕೂತಿದ್ದ, ಈ ಸಲ ಅಂಚಿನಲ್ಲಲ್ಲ, ಬೆನ್ನು ಆನಿಸಿ. ಮುಂದೆ ಸಾಲಾಗಿ ಲೋಟಗಳು, ಸಣ್ಣ ಸಣ್ಣ ಶೀಶೆಗಳು. ಬಟ್ಲರ್ ಮಂಗಳೂರಿನ ಕಡೆಯವನು, ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅವನು ನಡುವೆ ನಿಂತು ಇವನ ಮಾತು ಅವರಿಗೆ ಹೇಳುತ್ತಿದ್ದ. ದೊರೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ನನ್ನ ಜೊತೆ ಅವರು ಹಾಗೆ ಒಮ್ಮೆಯೂ ನಕ್ಕಿರಲಿಲ್ಲ. ಬಟ್ಲರನ ಹರಕು ಇಂಗ್ಲಿಷಿನಲ್ಲೂ ಅವರಿಬ್ಬರ ಮಾತು ನಡೆಯುತ್ತದೆ ಎಂದಮೇಲೆ ನನ್ನ ಇಂಟರ್‌ಮೀಡಿಯೆಟ್ ಯಾತಕ್ಕೆ? ಬಿಸಿಲಲ್ಲಿ ನಿಂತು ನಿಂತು ತಲೆನೋವು ಬಂತು.

ಎರಡು ದಿನ ಬಿಟ್ಟು ಗುಡಿಗಾರ ನಮ್ಮ ಮನೆಗೆ ಬಂದ. ಜಗಲಿಯ ಕಂಬಕ್ಕೆ ಒರಗಿ ಕೂತು, “ಗೌಡ್ರೇ, ನಿಮ್ಮನ್ನೊಂದು ಮಾತು ಕೇಳಬೇಕು,” ಅಂದ. ಬೊಂಬಾಯಿಯ ಆ ವ್ಯಾಪಾರಿ ಅವನನ್ನು ಕೆಲಸಕ್ಕೆ ಕರೆದಿದ್ದರು. ಗಂಧದೆಣ್ಣೆ, ಲಾವಂಚದೆಣ್ಣೆ ಕೊಳ್ಳುವಾಗ ಮೂಸಿ ಒಳ್ಳೆಯದು ಕೆಟ್ಟದ್ದು ಹೇಳಬೇಕು, ಅಷ್ಟೇ. ಇರಲು ಕೋಣೆ ಕೊಡುತ್ತಾರೆ. “ನೀವು ಓದಿದವರು, ನಾಲ್ಕು ಊರು ಕಂಡವರು. ಹೋಗಲಾ, ಬೇಡವಾ?”

ಹೋಗು ಅಂದರೆ ಅವನು ಬೊಂಬಾಯಿಯಲ್ಲಿ ದೊಡ್ಡ ಮನುಷ್ಯನಾಗುತ್ತಾನೆ. ಬೇಡ ಅಂದರೆ ಇಲ್ಲೇ ನನ್ನ ಕಣ್ಣೆದುರು ಇರುತ್ತಾನೆ. ಎರಡೂ ನನಗೆ ಬೇಕಿರಲಿಲ್ಲ. ಆದರೆ ಮೊದಲನೆಯದು ಹೆಚ್ಚು ಚುಚ್ಚಿತು.

“ಬೇಡ,” ಅಂದೆ. “ಬೊಂಬಾಯಿಯ ಹೊಗೆಗೆ ನಿನ್ನ ಮೂಗು ಆರು ತಿಂಗಳಿಗೇ ಹಾಳಾಗುತ್ತೆ. ಮೂಗು ಹೋದ ಮೇಲೆ ಅವರು ಇಟ್ಟುಕೊಳ್ಳುತ್ತಾರಾ? ಅಷ್ಟು ಹೊತ್ತಿಗೆ ಇಲ್ಲಿಯ ಕೆಲಸವೂ ಕೈತಪ್ಪಿರುತ್ತೆ. ನಾನು ಅಂಥವರನ್ನು ಬಹಳ ನೋಡಿದ್ದೇನೆ.”

ನಾನು ಬೊಂಬಾಯಿಯನ್ನೇ ನೋಡಿರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡ. “ಹಂಗಂತೀರಾ,” ಅಂದ. ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಹೋದ.

ಅವನು ಬೊಂಬಾಯಿಗೆ ಹೋಗಲಿಲ್ಲ. ಮಳೆಗಾಲದ ಮೊದಲೇ ದೊರೆಯ ಕೆಲಸ ಮುಗಿಯಿತು. ಹೊರಡುವ ದಿನ ನನಗೆ ಒಂದು ಫೌಂಟನ್ ಪೆನ್ನು ಕೊಟ್ಟು, ನಿನ್ನ ಕೈಬರಹ ಚೆನ್ನಾಗಿದೆ ಅಂದರು. ಮಾತು ಸೌಜನ್ಯದ್ದೇ. ಆದರೆ ಕೊನೆಯ ಬಾಟಲಿ ಗುಡಿಗಾರನಿಗೆ ಹೋಯಿತೆಂದು ಬಟ್ಲರ್ ಹೇಳಿದ. ಆ ಪೆನ್ನಿನಿಂದ ನಾನು ಒಂದಕ್ಷರವೂ ಬರೆಯಲಿಲ್ಲ. ಆ ವರ್ಷವೇ ಯುದ್ಧ ಶುರುವಾಯಿತು. ದೊರೆ ಊರು ಸೇರಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ನನಗೆ ಮೊದಲು ಹೊಸನಗರಕ್ಕೆ, ಆಮೇಲೆ ತೀರ್ಥಹಳ್ಳಿಗೆ ವರ್ಗವಾಯಿತು. ಮಕ್ಕಳಾದವು. ಗುಡಿಗಾರನ ನೆನಪು ಬಂದಾಗಲೆಲ್ಲ ಎರಡು ಬಗೆಯ ಸಂಕಟ. ಒಂದು, ಅವನ ಬದುಕನ್ನು ನಾನು ಹಾಳುಮಾಡಿದೆ ಎಂಬುದು. ಇನ್ನೊಂದು ಆ ಹಳೆಯದೇ. ಇಷ್ಟಾದರೂ ಅವನಿಗೆ ಆ ಮೂಗು ಇದೆ, ನನಗೆ ಇಲ್ಲ. ಮೊದಲನೆಯದು ದೊಡ್ಡದಾಗಬೇಕಿತ್ತು. ಎಷ್ಟೋ ದಿನ ಎರಡನೆಯದೇ ದೊಡ್ಡದಾಗಿರುತ್ತಿತ್ತು.

ಐದಾರು ವರ್ಷದ ಮೇಲೆ ತೀರ್ಥಹಳ್ಳಿಯ ಹತ್ತಿರದ ಒಂದು ಜೈನರ ಮನೆಯವರು ಬಸದಿಯ ಬಾಗಿಲುವಾಡ ಕೆತ್ತಿಸಲು ಸಾಗರದಿಂದ ಒಬ್ಬನನ್ನು ಕರೆಸಿದ್ದಾರೆಂದು ಸುದ್ದಿ ಬಂತು. ಅವನೇ. ಒಂದು ದಿನ ಕಚೇರಿಗೇ ಹುಡುಕಿಕೊಂಡು ಬಂದ. ಕೂದಲು ಅಲ್ಲಲ್ಲಿ ನೆರೆತಿತ್ತು. ಸಂಜೆ ಇಬ್ಬರೂ ತುಂಗೆಯ ದಡಕ್ಕೆ ಹೋಗಿ ಬಂಡೆಯ ಮೇಲೆ ಕೂತೆವು. ನೀರು ಕಡಮೆ ಇತ್ತು. ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

ಅವನಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. “ನಿನಗೊಂದು ಮಾತು ಹೇಳಬೇಕು,” ಅಂದೆ. “ಆವತ್ತು ಬಂಗಲೆಯಲ್ಲಿ ನೀನು ಹೇಳಿದ್ದನ್ನೆಲ್ಲ ನಾನು ನನ್ನದು ಅಂತ ದೊರೆಗೆ ಹೇಳಿದ್ದೆ.”

“ಗೊತ್ತು,” ಅಂದ.

“ದೊರೆ ಹೇಳಿದರಾ?”

“ದೊರೆ ಯಾಕೆ ಹೇಳಬೇಕು? ನಾನು ಹತ್ತು ಮಾತು ಆಡಿದೆ, ನೀವು ಅದಕ್ಕೆ ಒಂದು ಮಾತು ಹೇಳಿದ್ರಿ. ಆಮೇಲೆ ನಿಮ್ಮದು ಅಂತ ಹತ್ತು ಮಾತು ಆಡಿದ್ರಿ. ದೊರೆ ನಿಮ್ಮ ಕೈ ಕುಲುಕಿದರು. ಇಂಗ್ಲಿಷ್ ಬರದಿದ್ದರೆ ಇಷ್ಟೂ ಗೊತ್ತಾಗಲ್ವಾ ಗೌಡ್ರೇ?”

“ಎಲ್ಲ ಗೊತ್ತಿದ್ದೂ ಬೊಂಬಾಯಿ ವಿಷಯ ನನ್ನನ್ನೇ ಯಾಕೆ ಕೇಳಿದೆ?” ಎಂದೆ.

“ನಿಮ್ಮ ಬಾಯಿಂದ ಎಂತ ಬರುತ್ತೆ ನೋಡಾಣ ಅಂತ.”

“ನಾನು ಬೇಡ ಅಂದೆ.”

“ಹ್ಞೂಂ. ಬೇಡ ಅಂತೀರಿ ಅಂತ ಗೊತ್ತಿತ್ತು.” ಅವನು ಒಂದು ಸಣ್ಣ ಕಲ್ಲು ಹೆಕ್ಕಿ ಉಗುರಿನಿಂದ ಕೆರೆಯುತ್ತಿದ್ದ. “ನೀವು ಹೇಳಿದ್ದಕ್ಕೆ ನಾನು ಉಳಿದಿದ್ದಲ್ಲ. ಅಮ್ಮನಿಗೆ ಆಗ ಕಣ್ಣು ಕಾಣ್ತಿರಲಿಲ್ಲ. ನನ್ನ ಸದ್ದು ಕೇಳದಿದ್ದರೆ ಅವಳು ಊಟಕ್ಕೇ ಕೂರ್ತಿರಲಿಲ್ಲ. ಎಲ್ಲಿ ಬಿಟ್ಟು ಹೋಗಲಿ? ದೊರೆಗೆ ಮೊದಲೇ ಆಗಲ್ಲ ಅಂತ ಹೇಳಿ ಬಂದಿದ್ದೆ. ಆಮೇಲೆ ನಿಮ್ಮನೆಗೆ ಬಂದಿದ್ದು.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಹಾಗಂತ ಕ್ಷಮೆಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇಷ್ಟು ವರ್ಷ ನಾನು ಅವನ ಬದುಕನ್ನು ಹಾಳುಮಾಡಿದವನೆಂದು ಕೊರಗಿದ್ದೆ. ಅವನ ಲೆಕ್ಕದಲ್ಲಿ ನನ್ನ ಮಾತಿಗೆ ಅಷ್ಟು ಬೆಲೆಯೇ ಇರಲಿಲ್ಲ. ಮನಸ್ಸು ಹಗುರಾಗಬೇಕಿತ್ತು. ನನಗೆ ಆದದ್ದು ಅವಮಾನ.

“ದೊರೆ ಕೊಟ್ಟ ಬಾಟಲಿ ಏನು ಮಾಡಿದೆ?” ಎಂದು ಕೇಳಿದೆ. ಇಷ್ಟಾದ ಮೇಲೂ ಅದನ್ನು ಕೇಳದಿರಲು ನನ್ನಿಂದಾಗಲಿಲ್ಲ.

“ಮುಕ್ಕಾಲು ಪಾಲು ಇದೆ. ಕುಡಿಯೋನಲ್ಲವಲ್ಲ ನಾನು. ಕೆಲಸ ಬೇಜಾರಾದಾಗ ಮುಚ್ಚಳ ತೆಗೆದು ಮೂಸ್ತೀನಿ. ಮೊದಲಿನ ಹಾಗೆ ಇಲ್ಲ. ದ್ರಾಕ್ಷಿ ಹಿಂದೆ ಹೋಗಿದೆ, ಮರ ಮುಂದೆ ಬಂದಿದೆ.” ಅವನ ಮುಖ ಮೊದಲ ಸಲ ಅರಳಿತು. “ಸಾಗರಕ್ಕೆ ಬಂದಾಗ ಬನ್ನಿ. ನೀವೂ ನೋಡಿ.”

ಬರುತ್ತೇನೆ ಅಂದೆ. ಅವನು ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನ ಹೆಂಡತಿಯ ಜೊತೆ ಹಳೆಯ ಬೀದಿಯ ಸುದ್ದಿಯೆಲ್ಲ ಮಾತಾಡಿದ. ಬಾಗಿಲುವಾಡದ ಕೆಲಸ ಇಪ್ಪತ್ತು ದಿನ ನಡೆಯಿತು. ಒಂದು ಭಾನುವಾರ ಹೋಗಿ ನೋಡಿ 'ಚೆನ್ನಾಗಿದೆ' ಅಂದೆ. ಅವನು ನಕ್ಕ.

ಆಮೇಲಿನ ವರ್ಷಗಳಲ್ಲಿ ಕೆಲಸದ ಮೇಲೆ ಎರಡು ಸಲ ಸಾಗರಕ್ಕೆ ಹೋದೆ. ಎರಡನೇ ಸಲ ಅವನ ಬೀದಿಯ ತಿರುವಿನವರೆಗೂ ನಡೆದುಕೊಂಡು ಹೋದವನು, ಅಲ್ಲಿ ನಿಂತು ಬೀಡಿ ಹಚ್ಚಿ, ಸೇದಿ ಮುಗಿಸಿ, ಬಸ್ ನಿಲ್ಲುವ ಕಡೆಗೆ ತಿರುಗಿದೆ. ಅವನ ಎದುರು ಕೂತು ಆ ಬಾಟಲಿ ಮೂಸಿ, ಅವನು ಹೇಳುವವರೆಗೆ ನನಗೇನೂ ಸಿಗದೆ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ, “ಗುಡಿಗಾರರ ಮನೆಗೆ ಹೋಗಿದ್ರಾ?” ಎಂದು ಕೇಳಿದಳು.

“ಪುರುಸೊತ್ತಾಗಲಿಲ್ಲ,” ಅಂದೆ.